ದೊಡ್ಡ ಕೇಪು, ಸಣ್ಣ ಕೇಪು

ನಲವತ್ತೈದರ, ಅಂದರೆ .45 ಅಳತೆಯ, ಪಿಸ್ತೂಲಿನಿಂದ ಹಾರಿಬಿದ್ದ ಖಾಲಿ ತೋಟೆಯ ತಳ ನೋಡಿದರೆ ಮೊದಲು ಕಾಣುವುದು ಒಂದು ಹಿತ್ತಾಳೆ ಬಿಲ್ಲೆ. ಅದರ ನಡುವೆ ಇನ್ನೊಂದು ಪುಟ್ಟ ಬಿಲ್ಲೆ, ಆ ಬಿಲ್ಲೆಯ ಮಧ್ಯದಲ್ಲಿ ಪಿಸ್ತೂಲಿನ ಸೂಜಿ ಕುಟ್ಟಿದ ತಗ್ಗು. ಒಳಗಿನ ಬಿಲ್ಲೆಗೆ ಅಮೆರಿಕದಲ್ಲಿ ಪ್ರೈಮರ್ ಅನ್ನುತ್ತಾರೆ. ತೀರ್ಥಹಳ್ಳಿಯ ಕಡೆಯ ನಮಗೆ ಅದು ಕೇಪು. ಸೂಜಿ ಬಡಿದಾಗ ಕಿಡಿ ಹುಟ್ಟುವುದು ಅಲ್ಲಿ, ಮದ್ದಿಗೆ ಬೆಂಕಿ ಮುಟ್ಟುವುದು ಅಲ್ಲಿಂದ. ಕೆಲವು ತೋಟೆಗಳಲ್ಲಿ ಈ ಕೇಪಿನ ಅಡ್ಡಳತೆ 0.210 ಇಂಚು, ಇನ್ನು ಕೆಲವುಗಳಲ್ಲಿ 0.175 ಇಂಚು. ಮಿಲಿಮೀಟರ್ ಲೆಕ್ಕದಲ್ಲಿ ಹೆಚ್ಚು ಕಡಿಮೆ 5.3 ಮತ್ತು 4.4. ಒಂದು ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸವನ್ನು ಹುಡುಕುತ್ತ ಅರಿಝೋನಾದ ಫೀನಿಕ್ಸಿನಲ್ಲಿ, ನೆರೆಮನೆಯ ಗ್ಯಾರೇಜಿನಲ್ಲಿ, ನಾನು ಎಷ್ಟೋ ಶನಿವಾರದ ಸಂಜೆಗಳನ್ನು ಕಳೆದಿದ್ದೇನೆ. ಚಿಪ್ ಕಾರ್ಖಾನೆಯ ಎಂಜಿನಿಯರಿಗೆ ಹೊತ್ತು ಹೋಗದೆ ಮಾಡಿದ ಕೆಲಸ ಇದು ಎಂದು ಊರಿನವರು ನಗುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ಗ್ಯಾರೇಜಿನ ಯಜಮಾನರು ವಿಮಾನಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಹೆಸರು ಹಿಡಿದು ಕರೆ ಎನ್ನುತ್ತಿದ್ದರು, ಅಲ್ಲಿಯ ಪದ್ಧತಿಯೇ ಹಾಗೆ. ಎಪ್ಪತ್ತು ದಾಟಿದವರನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳುತ್ತಿರಲಿಲ್ಲ. 'ಸರ್' ಅಂದರೆ ಅವರಿಗೆ ರೇಗುತ್ತಿತ್ತು. "ನಾನು ಆಫೀಸರ್ ಆಗಿರಲಿಲ್ಲ, ದುಡಿದು ತಿಂದವನು" ಅನ್ನುತ್ತಿದ್ದರು. ಹೀಗಾಗಿ ಏನೂ ಕರೆಯದೆ, ಎದುರಿಗೆ ಹೋಗಿ ನಿಂತು, ಅವರು ತಲೆಯೆತ್ತುವವರೆಗೆ ಕಾಯುವುದೇ ರೂಢಿಯಾಯಿತು. ಅವರೂ ಅದನ್ನು ಒಪ್ಪಿಕೊಂಡರು.

ಅವರಿಗೆ ಇದ್ದ ಒಂದೇ ಹುಚ್ಚು ಬುಲ್ಸ್‌ಐ ಎಂಬ ಹಳೆಯ ಕಾಲದ ಪಿಸ್ತೂಲು ಸ್ಪರ್ಧೆ. ಒಂದೇ ಕೈಯಲ್ಲಿ ಹಿಡಿದು 50 ಗಜ, 25 ಗಜ ದೂರದ ಕಾಗದದ ಗುರಿಗೆ ಹೊಡೆಯಬೇಕು. ಪೂರ್ತಿ ಪಂದ್ಯಕ್ಕೆ 270 ಗುಂಡು, ಒಟ್ಟು 2700 ಅಂಕ. ಮೂರರಲ್ಲಿ ಒಂದು ಪಾಲು .45ಕ್ಕೇ ಮೀಸಲು, ನಡುವಿನ ಸುತ್ತಿಗೂ ಬಹಳ ಜನ ಅದನ್ನೇ ಬಳಸುತ್ತಾರೆ. ಅಂಗಡಿಯ ತೋಟೆ ಕೊಂಡು ಇಷ್ಟು ಅಭ್ಯಾಸ ಮಾಡಿದರೆ ಪಿಂಚಣಿ ಸಾಲುವುದಿಲ್ಲ. ಅದಕ್ಕೇ ಖಾಲಿ ತೋಟೆ ಆರಿಸಿ ತಂದು, ತೊಳೆದು, ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಗುಂಡು ಒತ್ತಿ ಮತ್ತೆ ಬಳಸುತ್ತಿದ್ದರು. ಅಲ್ಲಿ ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಸ್ವಂತ ಬಳಕೆಗಾದರೆ ಯಾವ ಲೈಸೆನ್ಸೂ ಬೇಡ.

ನನಗೆ ಕೋವಿ ಹೊಸದಲ್ಲ. ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ತೋಟೆಕೋವಿ ಇತ್ತು. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಹೆದರಿಸಲು ಇದ್ದದ್ದು. ಚುನಾವಣೆ ಬಂತೆಂದರೆ ಅದನ್ನು ಹೆಗಲಿಗೆ ಹಾಕಿಕೊಂಡು ಪೊಲೀಸ್ ಠಾಣೆಗೆ ಹೋಗಿ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು. ಅಜ್ಜನ ಕಾಲದ್ದು ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವ ಜಾತಿ. ಪಿಸ್ತೂಲನ್ನು ಮಾತ್ರ ನಾನು ಊರಿನಲ್ಲಿ ನೋಡಿದ್ದು ಇನ್‌ಸ್ಪೆಕ್ಟರ ಸೊಂಟದಲ್ಲಿ, ಅದೂ ಚರ್ಮದ ಚೀಲದೊಳಗೆ.

ಅಮೆರಿಕಕ್ಕೆ ಹೋದ ಮೇಲೂ ಬಹಳ ಕಾಲ ಅದನ್ನು ಮುಟ್ಟಲಿಲ್ಲ. ಮನಸ್ಸಿಲ್ಲದೆ ಅಲ್ಲ, ಕಾನೂನು ಬಿಡುತ್ತಿರಲಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸು ಪಡೆದವರಿಗೆ ವಿನಾಯಿತಿ ಉಂಟು, ಅಂಥ ಕೆಲವು ಕಿಂಡಿಗಳನ್ನು ಬಿಟ್ಟರೆ ಬಾಗಿಲು ಮುಚ್ಚಿದ ಹಾಗೇ. ಮದ್ದುಗುಂಡು ಅಂದರೆ ಏನು ಅನ್ನುವುದಕ್ಕೂ ಅಲ್ಲಿಯ ಫೆಡರಲ್ ಕಾನೂನು ಬಿಡಿಸಿ ಅರ್ಥ ಹೇಳುತ್ತದೆ: ತುಂಬಿದ ತೋಟೆ ಮಾತ್ರವಲ್ಲ, ಖಾಲಿ ತೋಟೆ, ಪ್ರೈಮರ್, ಗುಂಡು, ಮದ್ದು, ಒಂದೊಂದೂ ಮದ್ದುಗುಂಡೇ. ಈ ವಾಕ್ಯವನ್ನು ನೆರೆಮನೆಯವರು ನನಗೆ ಬೇಲಿಯಾಚೆಯಿಂದಲೇ ಓದಿ ಹೇಳಿದ್ದರು. "ಹಸಿರು ಕಾರ್ಡು ಬರಲಿ, ಆಮೇಲೆ ಬಾ" ಅಂದರು. ಭಾರತೀಯರ ಹಸಿರು ಕಾರ್ಡಿನ ಸಾಲು ಎಷ್ಟುದ್ದ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಆದರೂ ಕಾದರು.

ಕಾರ್ಡು ಬಂದ ಮೇಲೆ ಅವರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಊರಿನ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ಕೇಂದ್ರಕ್ಕೆ. ರಾಜ್ಯದ ವನ್ಯಜೀವಿ ಮತ್ತು ಮೀನುಗಾರಿಕೆ ಇಲಾಖೆಯೇ ನಡೆಸುವ ಸಾರ್ವಜನಿಕ ಜಾಗ ಅದು. ಬೆನ್ ಏವರಿ ಸೈನಿಕನೋ ಷೆರಿಫನೋ ಇರಬೇಕು ಅಂದುಕೊಂಡಿದ್ದೆ, ನೋಡಿದರೆ ಪತ್ರಿಕಾ ವರದಿಗಾರ! ಅಂಥ ಜಾಗಕ್ಕೆ ಒಬ್ಬ ವರದಿಗಾರನ ಹೆಸರಿಟ್ಟದ್ದು ನನಗೆ ಹಿಡಿಸಿತು. ಅಲ್ಲಿ ನಾನು ಒಂಬತ್ತು ಎಂಎಂ ಪಿಸ್ತೂಲಿನಲ್ಲಿ ಗುರಿ ಕಲಿತೆ, ಸಾಧಾರಣ ಮಟ್ಟಕ್ಕೆ ಬಂದೆ, ಅಲ್ಲೇ ನಿಂತೆ. ಗುಂಡು ಹೊಡೆಯುವುದಕ್ಕಿಂತ ಹೊಡೆದಾದ ಮೇಲಿನ ಕೆಲಸವೇ ನನಗೆ ಹೆಚ್ಚು ರುಚಿಸಿತು.

ಆ ಕೆಲಸ ಶುರುವಾಗುತ್ತಿದ್ದದ್ದು ಬಿಸಿಲಿಳಿದ ಮೇಲೆ. ಫೀನಿಕ್ಸಿನ ಜೂನ್, ಜುಲೈಯಲ್ಲಿ ಹಗಲು 43, 44 ಡಿಗ್ರಿ ಸಾಮಾನ್ಯ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಫ್ಯಾನ್ ಹಾಕಿ, ಬಣ್ಣದ ಅಂಗಡಿಯ ದೊಡ್ಡ ಬಕೆಟ್ಟಿನಲ್ಲಿ ತುಂಬಿದ್ದ ಹಿತ್ತಾಳೆಯನ್ನು ಬೆಂಚಿನ ಮೇಲೆ ಸುರಿಯುತ್ತಿದ್ದೆವು. ಅವರ ಗೆಳೆಯರು ಕೊಟ್ಟದ್ದು, ಗುರಿಕಟ್ಟೆಯ ನೆಲದಲ್ಲಿ ಗುಡಿಸಿ ತಂದದ್ದು, ಯಾರೋ ತೀರಿಕೊಂಡಾಗ ಅವರ ಮನೆಯವರು ತಂದಿಟ್ಟದ್ದು, ಎಲ್ಲ ಅದರಲ್ಲಿ ಕಲಸುಮೇಲೋಗರ. ಒಮ್ಮೆ ಅದರಲ್ಲಿ 'ಓಎಫ್‌ವಿ' ಎಂದು ಕೆತ್ತಿದ ರೈಫಲ್ ತೋಟೆಯೊಂದು ಸಿಕ್ಕಿತು. ಮಹಾರಾಷ್ಟ್ರದ ವರಣಗಾಂವ್ ಆರ್ಡ್ನೆನ್ಸ್ ಫ್ಯಾಕ್ಟರಿಯ ಗುರುತು ಅದು. ನಮ್ಮ ಸರ್ಕಾರಿ ಕಾರ್ಖಾನೆಯ ಮಾಲು ಮಿಗತೆಯ ವ್ಯಾಪಾರದಲ್ಲಿ ಅಲ್ಲಿವರೆಗೆ ಬಂದಿತ್ತು. ಬಳಕೆಗೆ ಬಾರದಿದ್ದರೂ ಅದನ್ನು ಯಜಮಾನರು ಎಸೆಯಲಿಲ್ಲ. "ನಿಮ್ಮೂರಿನವನು" ಎಂದು ಕಿಟಕಿಯ ಅಂಚಿನಲ್ಲಿ ನಿಲ್ಲಿಸಿದರು.

ವಿಂಗಡಣೆಯ ಕ್ರಮ ಅವರದ್ದೇ. ಮೊದಲು ಅಯಸ್ಕಾಂತ. ಉಕ್ಕಿನ ತೋಟೆಗಳು ಅದಕ್ಕೆ ಅಂಟಿ ಮೇಲೆದ್ದು ಬರುತ್ತವೆ. ಹೆಚ್ಚಿನವು ರಷ್ಯದ ಅಗ್ಗದ ಮಾಲು, ಅಪರೂಪಕ್ಕೆ 'ಇ ಸಿ 43' ಎಂದು ಬರೆದದ್ದೂ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ತಾಮ್ರದ ಅಭಾವವಾದಾಗ ಇಂಡಿಯಾನಾದ ಎವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಾರು ಕಂಪನಿ .45ರ ತೋಟೆಗಳನ್ನು ಉಕ್ಕಿನಲ್ಲಿ ಮಾಡಿತು, ಅದರ ಗುರುತು ಅದು. ಆಮೇಲೆ ಬೆಳ್ಳಗೆ ಹಗುರಾಗಿರುವ ಅಲ್ಯೂಮಿನಿಯಮ್ ತೋಟೆಗಳನ್ನು ತೆಗೆಯಬೇಕು. ಅವುಗಳ ತಳದಲ್ಲಿ 'ಎನ್ಆರ್' ಅಂತ ಇರುತ್ತದೆ, ಮತ್ತೆ ತುಂಬಬಾರದು ಎಂದು. ಬಳಿಕ ಜರಡಿ. ಒಂದರ ಕೆಳಗೊಂದು ಕೂರುವ ಮೂರು ತಟ್ಟೆ, ಮೇಲಿನದರಲ್ಲಿ .45 ಉಳಿಯುತ್ತದೆ, ನಡುವೆ .40, ಕೆಳಗೆ ಒಂಬತ್ತು ಎಂಎಂ. ಒಂಬತ್ತರ ಜೊತೆ ಜಾರಿ ಬೀಳುವ .380ಯನ್ನು ಮಾತ್ರ ಜರಡಿ ಹಿಡಿಯುವುದಿಲ್ಲ. ಅದರ ಉದ್ದ 17 ಮಿಲಿಮೀಟರ್ ಚಿಲ್ಲರೆ, ಒಂಬತ್ತರದ್ದು 19. ಸಾಲಾಗಿ ನಿಲ್ಲಿಸಿದರೆ ಗಿಡ್ಡವು ತಾವೇ ಗೊತ್ತಾಗುತ್ತವೆ. ಒಂದು ಕಾಟ ಬೇರೆ ಉಂಟು: ಒಂಬತ್ತರ ತೋಟೆ ನಲವತ್ತರೊಳಗೆ ಹೊಕ್ಕು, ಅದು ನಲವತ್ತೈದರೊಳಗೆ ಹೊಕ್ಕು ಬಿಗಿದುಕೊಂಡಿರುತ್ತದೆ. ಅಂಥದ್ದು ಕಂಡರೆ ಯಜಮಾನರು ಬೈಯುತ್ತಿದ್ದ ಬೈಗುಳ ಕನ್ನಡಕ್ಕೆ ಬರುವಂಥದ್ದಲ್ಲ.

ಮುಷ್ಟಿಯಲ್ಲಿ ಐದಾರು ತೋಟೆ ಹಿಡಿದು ಕುಲುಕುವುದನ್ನೂ ಅವರೇ ಕಲಿಸಿದರು. ಎಲ್ಲ ಗಟ್ಟಿಯಾಗಿದ್ದರೆ ಗಣಗಣ ದನಿ. ಒಂದರಲ್ಲಿ ಸೀಳು ಬಿಟ್ಟಿದ್ದರೂ ಗುಂಪಿನ ದನಿ ಮಂದವಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಜವಾದ ತಲೆನೋವು ಬರುವುದು .45ರ ರಾಶಿಯಲ್ಲಿ ಮಾತ್ರ. ಒಂಬತ್ತು ಎಂಎಂ, .380, .38 ಸ್ಪೆಷಲ್, .40 ಎಲ್ಲಕ್ಕೂ ಸಣ್ಣ ಕೇಪು, ಚಿಂತೆಯಿಲ್ಲ. .44 ಮ್ಯಾಗ್ನಮ್‌ಗೆ ದೊಡ್ಡದು. .45ಕ್ಕೆ ಎರಡೂ ಉಂಟು, ಹೊರಗಿನಿಂದ ಅಳೆದರೆ ತೋಟೆಯಲ್ಲಿ ಏನೇನೂ ಭೇದವಿಲ್ಲ.

ಮೊದಲು ಹೀಗಿರಲಿಲ್ಲ. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಕಾಲದಿಂದ ಸುಮಾರು ಎಂಬತ್ತು ವರ್ಷ .45 ಅಂದರೆ ದೊಡ್ಡ ಕೇಪು ಅಂತಲೇ. ಅದನ್ನು ಕೆಡಿಸಿದ್ದು ಸೀಸ. ಸಾಮಾನ್ಯ ಪ್ರೈಮರಿನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ ಇರುತ್ತದೆ, ಜೊತೆಗೆ ಬೇರಿಯಂ ನೈಟ್ರೇಟ್, ಆಂಟಿಮನಿ ಸಲ್ಫೈಡ್. ಸಿಡಿದಾಗ ಸೀಸ ಕಣ್ಣಿಗೆ ಕಾಣದ ಹೊಗೆಯಾಗಿ ಗಾಳಿಗೆ ಸೇರುತ್ತದೆ. ಬಯಲಿನಲ್ಲಾದರೆ ಗಾಳಿ ಹೊತ್ತೊಯ್ಯುತ್ತದೆ. ನಾಲ್ಕು ಗೋಡೆಯೊಳಗಿನ ಗುರಿಕಟ್ಟೆಯಲ್ಲಿ ದಿನವಿಡೀ ತರಬೇತಿ ಕೊಡುವ ಪೊಲೀಸ್ ಬೋಧಕರ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ. ಇದು ತಿಳಿದು ಕಂಪನಿಗಳು ಸೀಸವಿಲ್ಲದ ಪ್ರೈಮರ್ ಮಾಡಿದವು. ಅದಕ್ಕೆ ಬಳಸಿದ ಡಿಡಿಎನ್‌ಪಿ ಎಂಬ ರಾಸಾಯನಿಕದ ಸಿಡಿತ ಚುರುಕು. 1990ರ ದಶಕದಿಂದ 'ಎನ್‌ಟಿ', ಅಂದರೆ ವಿಷರಹಿತ ಎಂಬ ಗುರುತಿನ .45 ತೋಟೆಗಳು ಸಣ್ಣ ಕೇಪಿನೊಂದಿಗೆ ಬರತೊಡಗಿದವು. ಅಷ್ಟಕ್ಕೇ ನಿಂತಿದ್ದರೆ ಗುರುತಿಸುವುದು ಸುಲಭವಿತ್ತು. ಆಮೇಲೆ ಸೀಸವಿರುವ ಮಾಮೂಲಿ ಮಾಲನ್ನೂ ಕೆಲವು ಕಾರ್ಖಾನೆಗಳು ಸಣ್ಣ ಕೇಪಿಗೆ ಬದಲಾಯಿಸಿದವು. ಬ್ಲೇಜರ್ ಹೆಸರಿನ ಹಿತ್ತಾಳೆ ತೋಟೆಗಳೇ ನಮ್ಮ ಬಕೆಟ್ಟಿನಲ್ಲಿ ಹೆಚ್ಚು. ಒಂಬತ್ತಕ್ಕೂ ನಲವತ್ತಕ್ಕೂ ನಲವತ್ತೈದಕ್ಕೂ ಒಂದೇ ಪ್ರೈಮರ್ ಸಾಕಾದರೆ ಕಾರ್ಖಾನೆಗೆ ಎಷ್ಟು ಸಲೀಸು ಎಂಬುದನ್ನು ನನ್ನಂಥ ಕಾರ್ಖಾನೆಯ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಜಮಾನರು ಇದನ್ನು ಕೇಡಿನ ಕೆಲಸ ಅನ್ನುತ್ತಿದ್ದರು. ನನಗೆ ಹಾಗೆನಿಸಿಲ್ಲ. ಅವರ ಮಾಲು ಒಮ್ಮೆ ಹೊಡೆದು ಬಿಡುವವರಿಗೆ, ಆಯ್ದುಕೊಂಡು ಬರುವ ನಮಗಾಗಿ ಅಲ್ಲ.

ತಳದ ಅಕ್ಷರ ಓದಿ ಬೇರ್ಪಡಿಸಬಹುದಲ್ಲ ಎಂದು ನನಗೂ ಅನ್ನಿಸಿತ್ತು. 'ಆರ್-ಪಿ' ಅಂದರೆ ರೆಮಿಂಗ್ಟನ್, 'ಎಫ್‌ಸಿ' ಅಂದರೆ ಫೆಡರಲ್, 'ಸಿಬಿಸಿ' ಬ್ರೆಜಿಲಿನದು, 'ಪಿಪಿಯು' ಸರ್ಬಿಯಾದ್ದು, 'ಜಿಎಫ್ಎಲ್' ಇಟಲಿಯ ಲೆಕ್ಕೊ ಊರಿನದು, 'ಎಸ್ ಅಂಡ್ ಬಿ' 1825ರಷ್ಟು ಹಿಂದೆ ಪ್ರಾಗ್‌ನಲ್ಲಿ ಶುರುವಾದದ್ದು. ಓದಲು ಚೆನ್ನಾಗಿದೆ, ಭೂಗೋಳ ಕಲಿಯಬಹುದು. ಆದರೆ ಒಂದೇ ಕಂಪನಿಯ ಒಂದೇ ಗುರುತಿನಡಿ ಒಂದು ವರ್ಷ ದೊಡ್ಡ ಕೇಪು, ಇನ್ನೊಂದು ವರ್ಷ ಸಣ್ಣದು. ಫೆಡರಲ್‌ನದು ಎರಡೂ ಸಿಗುತ್ತದೆ, ವಿಂಚೆಸ್ಟರಿನದೂ ಅಷ್ಟೆ. ಆದ್ದರಿಂದ ಅಕ್ಷರ ನಂಬುವಂತಿಲ್ಲ, ಬಿಲ್ಲೆಯನ್ನೇ ನೋಡಬೇಕು. ಅದೂ ಕೆಲವೊಮ್ಮೆ ಮೋಸ ಮಾಡುತ್ತದೆ. ಕೆಲವು ಎನ್‌ಟಿ ತೋಟೆಗಳಲ್ಲಿ ಕೇಪು ಸಡಿಲವಾಗದಿರಲಿ ಎಂದು ಸುತ್ತ ಒಂದು ಬಳೆ ಒತ್ತಿರುತ್ತಾರೆ. ಬೆಳಕು ಓರೆಯಾಗಿ ಬಿದ್ದರೆ ಆ ಬಳೆಯೇ ಕೇಪಿನ ಅಂಚು ಅನ್ನಿಸಿ ಸಣ್ಣದು ದೊಡ್ಡದಾಗಿ ಕಾಣುತ್ತದೆ. ಕೇಪು ಬೆಳ್ಳಗೆ ನಿಕ್ಕಲ್ ಲೇಪದ್ದಾದರೆ ಹಿತ್ತಾಳೆಯ ನಡುವೆ ಎದ್ದು ಕಾಣುತ್ತದೆ, ಹಿತ್ತಾಳೆ ಬಣ್ಣದ್ದಾದರೆ ಅಂಚೇ ಕರಗಿಹೋಗಿರುತ್ತದೆ. ಹೊಸ ತೋಟೆ ಅಂಗಡಿಯಿಂದ ಬರುವ ಪ್ಲಾಸ್ಟಿಕ್ ತಟ್ಟೆಯಲ್ಲಿ 50 ಗುಳಿ ಇರುತ್ತವೆ. ಅದರಲ್ಲಿ ಬಾಯಿ ಕೆಳಗೆ, ತಳ ಮೇಲೆ ಮಾಡಿ ಸಾಲಾಗಿ ನಿಲ್ಲಿಸುತ್ತಿದ್ದೆವು. ಒಂಟಿಯಾಗಿ ನೋಡಿದರೆ ಅನುಮಾನ ಹುಟ್ಟಿಸುವುದು ಐವತ್ತರ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು. ಅನುಮಾನ ಆಮೇಲೂ ಉಳಿದರೆ ಪಕ್ಕದಲ್ಲಿ ಖಚಿತವಾದ ಒಂದನ್ನಿಟ್ಟು ಹೋಲಿಸುವುದು.

ಇಷ್ಟು ಎಚ್ಚರ ಯಾಕೆ? ಯಜಮಾನರ ರೀಲೋಡಿಂಗ್ ಯಂತ್ರ ನೀಲಿ ಬಣ್ಣದ ಡಿಲನ್. ಆ ಕಂಪನಿ ಫೀನಿಕ್ಸಿನ ಪಕ್ಕದ ಸ್ಕಾಟ್ಸ್‌ಡೇಲ್‌ನದೇ. ಹಿಡಿ ಇಳಿಸಿದರೆ ಹಳೆಯ ಕೇಪು ಕಳಚಿ ಬೀಳುತ್ತದೆ, ಹಿಡಿ ಎತ್ತಿ ಮುಂದಕ್ಕೆ ತಳ್ಳಿದರೆ ಹೊಸದು ಕೂರುತ್ತದೆ. ಅದೇ ಹೊತ್ತಿಗೆ ಮುಂದಿನ ತೋಟೆಗಳಲ್ಲಿ ಮದ್ದು ಬೀಳುವುದು, ಗುಂಡು ಕೂರುವುದು ನಡೆಯುತ್ತಿರುತ್ತದೆ. ದೊಡ್ಡ ಕೇಪಿಗೆ ಹೊಂದಿಸಿದ ಯಂತ್ರದೊಳಗೆ ಕೇಪಿನ ಗುಳಿ ಸಣ್ಣದಾದ ಒಂದು ತೋಟೆ ನುಸುಳಿದರೆ ಕೇಪು ಗುಳಿಯ ಬಾಯಿಗೆ ಸಿಕ್ಕಿ ಹಿಡಿ ಗಕ್ಕನೆ ನಿಲ್ಲುತ್ತದೆ. ಆಗ ಬಲ ಹಾಕಿ ಒತ್ತಬಾರದು. ಒತ್ತಿದರೆ ಕೇಪು ಜಜ್ಜಿಹೋಗುತ್ತದೆ; ಕೇಪು ಇರುವುದೇ ಜಜ್ಜಿದಾಗ ಸಿಡಿಯಲಿಕ್ಕೆ. ಸಿಡಿದರೆ ಪಕ್ಕದಲ್ಲಿ ಸಾಲಾಗಿ ಕಾದಿರುವ ಕೇಪುಗಳಿವೆ, ಒಂದಡಿ ಮೇಲೆ ಮದ್ದಿನ ಬುರುಡೆಯಿದೆ. "ಹಿಡಿ ನಿಂತಿತೋ, ನೀನೂ ನಿಲ್ಲು" ಎಂದು ಅವರು ಬೆಂಚಿನ ಎದುರು ಬರೆದು ಅಂಟಿಸಿದ್ದರು. ಇದಕ್ಕೆ ತದ್ವಿರುದ್ಧವಾದರೆ, ಅಂದರೆ ದೊಡ್ಡ ಗುಳಿಗೆ ಸಣ್ಣ ಕೇಪು ಹೋದರೆ, ಅಪಾಯ ಕಡಿಮೆ, ಕಿರಿಕಿರಿ ಹೆಚ್ಚು. ಕೇಪು ಗುಳಿಯಲ್ಲಿ ನಿಲ್ಲದೆ ಉದುರಿ, ಮದ್ದು ತೂತಿನಿಂದ ಸೋರಿ ಯಂತ್ರದ ಸಂದುಗೊಂದಿಗೆಲ್ಲ ತುಂಬಿಕೊಳ್ಳುತ್ತದೆ.

ಕೇಪಿನ ವಿಚಾರದಲ್ಲಿ ಇನ್ನೊಂದು ಗಮ್ಮತ್ತು. 1866ರಲ್ಲಿ ಅಮೆರಿಕದ ಹೈರಮ್ ಬರ್ಡನ್ ಒಂದು ಬಗೆಯ ಪ್ರೈಮರ್ ಮಾಡಿದ, ಅದೇ ಕಾಲಕ್ಕೆ ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಇನ್ನೊಂದು ಬಗೆ ಮಾಡಿದ. ಸೂಜಿಯ ಹೊಡೆತಕ್ಕೆ ಎದುರು ಕೊಡುವ ಪುಟ್ಟ ಅಡಿಗಲ್ಲು ಬಾಕ್ಸರನದರಲ್ಲಿ ಕೇಪಿನೊಳಗೇ ಇದೆ, ಬರ್ಡನ್‌ನದರಲ್ಲಿ ತೋಟೆಯ ತಳದಲ್ಲೇ ಮೂಡಿಸಿರುತ್ತದೆ. ಬಾಕ್ಸರ್ ತೋಟೆಗೆ ನಟ್ಟನಡುವೆ ಒಂದೇ ತೂತು ಇರುವುದರಿಂದ ಹಳೆಯ ಕೇಪನ್ನು ಒಳಗಿನಿಂದ ಕಡ್ಡಿ ಹಾಕಿ ತಳ್ಳಬಹುದು. ಬರ್ಡನ್‌ಗೆ ಅಂಚಿನಲ್ಲಿ ಸಣ್ಣ ತೂತುಗಳು, ಕಡ್ಡಿ ಹಾಕಿದರೆ ಅಡಿಗಲ್ಲಿಗೆ ತಾಗಿ ಕಡ್ಡಿಯೇ ಮುರಿಯುತ್ತದೆ. ಅಮೆರಿಕದವನು ಮಾಡಿದ್ದು ಯುರೋಪಿನಲ್ಲಿ ನೆಲೆಯಾಯಿತು, ಇಂಗ್ಲೆಂಡಿನವನು ಮಾಡಿದ್ದು ಅಮೆರಿಕದಲ್ಲಿ. ಅಮೆರಿಕದಲ್ಲಿ ಮನೆಮನೆಯ ಗ್ಯಾರೇಜಿನಲ್ಲಿ ರೀಲೋಡಿಂಗ್ ಬೆಳೆಯಲು ಮುಖ್ಯ ಕಾರಣ ಈ ಅದಲುಬದಲೇ ಎಂದು ನನ್ನ ಎಣಿಕೆ.

ಅಮ್ಮ ಬಂದಿದ್ದು ಒಂದು ಚಳಿಗಾಲದಲ್ಲಿ. ನಮ್ಮ ಮನೆಯಲ್ಲಿ ಹಗಲು ಮಾತಾಡಲು ಯಾರೂ ಇಲ್ಲದೆ ಬೇಸತ್ತು ನನ್ನ ಹಿಂದೆಯೇ ನೆರೆಮನೆಗೆ ಬಂದರು. ಭಾಷೆ ಬಾರದ ಇಬ್ಬರು ಹಿರಿಯರು ಪರಸ್ಪರ ನಕ್ಕರು, ಯಜಮಾನರು ಅಮ್ಮನಿಗೆ ಮಡಚುವ ಕುರ್ಚಿ ಹಾಕಿಕೊಟ್ಟರು. ಬೆಂಚಿನ ಮೇಲಿನ ರಾಶಿ ನೋಡಿದ್ದೇ ಅಮ್ಮನ ಕೈ ಮುಂದೆ ಹೋಯಿತು. "ಅಮ್ಮಾ, ಮುಟ್ಟಬೇಡ" ಅಂದೆ.

"ಎಂಥಕ್ಕೆ? ಖಾಲಿ ಚಿಪ್ಪಲ್ಲವಾ ಇದು?"

"ಇಲ್ಲಿ ಖಾಲಿಯದ್ದೂ ಮದ್ದುಗುಂಡೇ. ನೀನು ಬಂದಿರೋದು ವಿಸಿಟರ್ ವೀಸಾದಲ್ಲಿ."

"ಸಾಕು ನಿನ್ನ ಕಾನೂನು. ನಿನ್ನಪ್ಪನ ಕೋವೀನ ಅಟ್ಟದಿಂದ ಇಳಿಸ್ತಿದ್ದಿದ್ದು ಯಾರು ಅಂತ ಮಾಡಿದೆ?"

ಆದರೂ ಮುಟ್ಟಲಿಲ್ಲ. ಕೈಕಟ್ಟಿ ಕೂತು ನಾನು ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಶುರುವಾಯಿತು: "ಅಗೋ, ಮೂರನೇ ಸಾಲು, ಆಚೆ ತುದೀದು. ಅದು ಸಣ್ಣದು. ಇಗೋ, ನಿನ್ನ ಹೆಬ್ಬೆರಳಿನ ಹತ್ತಿರದ್ದು." ಕುರ್ಚಿಯಿಂದಲೇ ಬೆರಳು ತೋರಿಸುತ್ತಿದ್ದರು, ನಾನು ಎತ್ತಿ ಡಬ್ಬಿಗೆ ಹಾಕುತ್ತಿದ್ದೆ. ಅಡಿಕೆ ಸುಲಿದು ಬೇಯಿಸಿ ಒಣಗಿಸಿದ ಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಆಯುತ್ತ ಕೂತ ಕಣ್ಣು ಅದು. ಬಣ್ಣದ ಒಂದು ಛಾಯೆ ತಪ್ಪಿದರೆ ಮಂಡಿಯಲ್ಲಿ ದರ ಇಳಿಯುತ್ತದೆ ಎಂದು ಬಲ್ಲವರಿಗೆ ಒಂದು ಮಿಲಿಮೀಟರ್ ಏನು ಮಹಾ. ಯಜಮಾನರು ಎರಡು ಕನ್ನಡಕ ಬದಲಾಯಿಸಿ ಪರೀಕ್ಷೆ ಮಾಡಿದರು. ಅಮ್ಮ ತೋರಿಸಿದ್ದು ತಪ್ಪಿರಲಿಲ್ಲ. "ಇವರಿಗೆ ಯಾವ ಲೈಸೆನ್ಸು ಕೊಡಿಸಿದರೆ ಮುಟ್ಟಬಹುದು?" ಎಂದು ಕೇಳಿದರು. "ಬೇಟೆಯದು" ಅಂದೆ. ಅದನ್ನು ಅಮ್ಮನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು.

ಕೈ ತೊಳೆಯುವ ಬಗ್ಗೆ ಮಾತ್ರ ಯಜಮಾನರು ಮಡಿವಂತರು. ಸುಟ್ಟ ಕೇಪಿನ ಮಸಿಯಲ್ಲಿ ಸೀಸವಿದೆ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ತೋಟೆಗಳನ್ನು ಒಣದಾಗಿ ಅಲುಗಾಡಿಸಿ ಹೊಳಪು ಕೊಡುವ ಹಳೆಯ ಯಂತ್ರದಿಂದ ಅದು ಧೂಳಾಗಿ ಏಳುತ್ತದೆ. ಅದಕ್ಕೇ ಅವರು ಅದನ್ನು ಬಿಟ್ಟು, ನೀರು, ಸಾಬೂನು, ಉಕ್ಕಿನ ಸೂಜಿಗಳನ್ನು ಹಾಕಿ ತಿರುಗಿಸುವ ಡ್ರಮ್ ತಂದರು. ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿದರೆ ಹಿತ್ತಾಳೆ ಹೊಸದರಂತೆ ಬರುತ್ತದೆ. ಅಮ್ಮ ಅದನ್ನು ನೋಡಿ "ಹುಣಸೆಹಣ್ಣು ಹಾಕಲಿಕ್ಕೆ ಹೇಳು" ಅಂದರು. ತತ್ವ ಒಂದೇ, ಹುಳಿ ಯಾವುದಾದರೇನು. ಹಬ್ಬಕ್ಕೆ ದೀಪ ಉಜ್ಜಲು ನಾವು ತಂದಿದ್ದ ಬ್ರಾಸೋ ಡಬ್ಬಿಯನ್ನು ಮಾತ್ರ ಯಜಮಾನರು ಗ್ಯಾರೇಜಿನ ಹೊಸ್ತಿಲು ದಾಟಗೊಡಲಿಲ್ಲ. ಅದರಲ್ಲಿ ಅಮೋನಿಯಾ ಇದೆ. ತೋಟೆಯ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು; ತಣ್ಣಗಿದ್ದಂತೆ ಎಳೆದು ರೂಪಿಸಿದ್ದರಿಂದ ಒಳಗೊಳಗೇ ಬಿಗಿತ ಉಳಿದಿರುತ್ತದೆ. ಅಮೋನಿಯಾ ತಾಕಿದರೆ ಅಲ್ಲಿಂದಲೇ ಸೀಳುತ್ತದೆ.

ಇದು ಮೊದಲು ಗೊತ್ತಾದದ್ದು ನಮ್ಮ ದೇಶದಲ್ಲೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲಕ್ಕೆ ಕವಾಯತು ಕಡಿಮೆ ಮಾಡಿ ಮದ್ದುಗುಂಡುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಬಿಟ್ಟ ಮೇಲೆ ತೆಗೆದು ನೋಡಿದರೆ ತೋಟೆಗಳ ಕುತ್ತಿಗೆ ಬಿರುಕು ಬಿಟ್ಟಿರುತ್ತಿತ್ತು. ಋತುವಿಗೊಮ್ಮೆ ಬರುವ ಪೀಡೆಯೆಂದು ಇಂಗ್ಲಿಷರು ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರಿಟ್ಟರು. ಕುದುರೆ ಮೂತ್ರದ ಅಮೋನಿಯಾ ಇದಕ್ಕೆ ಕಾರಣ ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ಎಂಜಿನಿಯರಿಂಗ್ ಓದುವಾಗ ಒತ್ತಡದ ತುಕ್ಕು ಎಂಬ ಪಾಠ ನಮಗೂ ಇತ್ತು. ಲಾಯದ ಕಥೆಯನ್ನು ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಆ ಪಾಠ ಮರೆಯುತ್ತಿರಲಿಲ್ಲ.

ಸಣ್ಣ ಕೇಪಿನ .45 ತೋಟೆಗಳನ್ನು ಯಜಮಾನರು ಬಹಳ ವರ್ಷ ಗುಜರಿಗೆ ಹಾಕುತ್ತಿದ್ದರು. ಅವುಗಳಲ್ಲಿ ಯಾವ ದೋಷವೂ ಇಲ್ಲ. .45ರ ಒತ್ತಡ ಕಡಿಮೆ, ಹೆಚ್ಚೆಂದರೆ ಚದರ ಇಂಚಿಗೆ 21,000 ಪೌಂಡು. ಒಂಬತ್ತು ಎಂಎಂಗೆ 35,000. ಹಾಗಾಗಿ .45ರ ಹಿತ್ತಾಳೆ ಸವೆಯುವುದಕ್ಕಿಂತ ಮೊದಲು ಹುಲ್ಲಿನಲ್ಲಿ ಕಳೆದುಹೋಗುತ್ತದೆ ಎನ್ನುವುದು ಅಲ್ಲಿಯವರ ಮಾತು. ಯಂತ್ರದ ಬಿಡಿಭಾಗ ಬದಲಾಯಿಸುವ ಬೇಸರಕ್ಕೆ ಮಾತ್ರ ಅವನ್ನು ಎಸೆಯುತ್ತಿದ್ದದ್ದು.

2020 ಬಂತು. ಕೋವಿಡ್ಡಿನ ಜೊತೆ ಅಮೆರಿಕದಲ್ಲಿ ಬಂದೂಕು ಕೊಳ್ಳುವ ಜ್ವರವೂ ಏರಿತು. ತೋಟೆ ಅಂಗಡಿಗಳು ಬರಿದಾದವು, ಅವುಗಳ ಹಿಂದೆಯೇ ಪ್ರೈಮರ್ ಮಾಯವಾಯಿತು. ಆ ಜುಲೈಯಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಆರ್ಕನ್ಸಾದ ಲೋನೋಕ್‌ನಲ್ಲಿದ್ದ ಅದರ ತೋಟೆ ಕಾರ್ಖಾನೆಯನ್ನು ಕೊಂಡ ವಿಸ್ಟಾ ಔಟ್‌ಡೋರ್ ಕೈಯಲ್ಲಿ ಪ್ರೈಮರ್ ಮಾಡುವ ಸಿಸಿಐ, ಫೆಡರಲ್ ಎರಡೂ ಆಗಲೇ ಇದ್ದವು. ಸಾವಿರಕ್ಕೆ 30, 35 ಡಾಲರ್ ಇದ್ದ ಪ್ರೈಮರ್ ಕೈಯಿಂದ ಕೈಗೆ 100 ಡಾಲರ್ ದಾಟಿ ಮಾರಾಟವಾಯಿತು. ದೊಡ್ಡ ಪಿಸ್ತೂಲು ಪ್ರೈಮರ್ ಅಂತೂ ಕಣ್ಣಿಗೇ ಬೀಳಲಿಲ್ಲ. ಒಂಬತ್ತಕ್ಕೆಂದು ನಾನು ಮೊದಲೇ ತಂದಿಟ್ಟ ಸಣ್ಣ ಪ್ರೈಮರ್ ಡಬ್ಬಿಗಳು ನನ್ನಲ್ಲಿದ್ದವು. ಯಜಮಾನರ ಗುಜರಿ ಬಕೆಟ್ಟು ಆ ಸಲ ಇನ್ನೂ ಗುಜರಿಗೆ ಹೋಗಿರಲಿಲ್ಲ. ಅಲ್ಲಿಂದ ಮುಂದೆ ನಾವು ಬೇರ್ಪಡಿಸಿದ್ದು ಎಸೆಯಲಿಕ್ಕಲ್ಲ, ಉಳಿಸಿಕೊಳ್ಳಲಿಕ್ಕೆ. ಸಣ್ಣ ಕೇಪು ಹಾಕಿದರೆ ಗುಂಡಿನ ವೇಗ ಒಂದಿಷ್ಟು ವ್ಯತ್ಯಾಸವಾಗುತ್ತದೆ, ಮದ್ದಿನ ಪ್ರಮಾಣವನ್ನು ಕೆಳಗಿನಿಂದ ಮತ್ತೆ ಪರೀಕ್ಷಿಸಿಕೊಂಡು ಬರಬೇಕು. 25 ಗಜದ ಕಾಗದಕ್ಕೆ ಅದರ ಹೊರತು ಯಾವ ಭೇದವೂ ತಿಳಿಯಲಿಲ್ಲ. ಯಜಮಾನರು ತಮ್ಮ ಹಳೆಯ ತೀರ್ಪನ್ನು ಹಿಂತೆಗೆದುಕೊಂಡರು ಅಂತಲ್ಲ, ಬೈಯುವುದನ್ನು ನಿಲ್ಲಿಸಿದರು.

ಆಮೇಲೆ ಅವರು ಮಗಳಿರುವ ರಾಜ್ಯಕ್ಕೆ ಹೋದರು. ನೀಲಿ ಯಂತ್ರ ನನಗೆ ಬಂತು. ಸಣ್ಣ ಕೇಪಿನ ಬಿಡಿಭಾಗ ಅದರಲ್ಲಿ ಈಗ ಖಾಯಂ, ದೊಡ್ಡದನ್ನು ವರ್ಷಕ್ಕೊಮ್ಮೆ ಹಾಕಿದರೆ ಹೆಚ್ಚು. ಪ್ರೈಮರ್ ಮತ್ತೆ ಸಿಗುತ್ತಿದೆ, ಹಳೆಯ ದರಕ್ಕೆ ಇಳಿದಿಲ್ಲ. ಸಿಸಿಐ, ಫೆಡರಲ್, ರೆಮಿಂಗ್ಟನ್ ತೋಟೆಗಳ ವ್ಯವಹಾರವೆಲ್ಲ 2024ರಲ್ಲಿ ಚೆಕ್ ದೇಶದ ಸಂಸ್ಥೆಯೊಂದರ ಪಾಲಾಯಿತು. ಎರಡು ಅಳತೆಯ .45 ಮಾತ್ರ ಹಾಗೇ ಮುಂದುವರಿದಿದೆ, ಮುಂದೆಯೂ ಇರುತ್ತದೆ.

ನಮ್ಮವರು ಈಗ ಅಮೆರಿಕಕ್ಕೆ ಮಕ್ಕಳನ್ನು ನೋಡಲು ಬಂದಾಗ ಗುರಿಕಟ್ಟೆಗೂ ಒಂದು ಸುತ್ತು ಹೋಗಿಬರುತ್ತಾರೆ. ನೋಡಲಿ, ಯಾರು ಬೇಡ ಅನ್ನುತ್ತಾರೆ. ಹೊಳೆಯುವ ಖಾಲಿ ತೋಟೆಯೊಂದನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ ಎಂದು ಮಾತ್ರ ನನ್ನ ಕೋರಿಕೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಮದ್ದುಗುಂಡಿನ ಬಿಡಿಭಾಗ ಮದ್ದುಗುಂಡೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ವಿಮಾನ ನಿಲ್ದಾಣದಲ್ಲಿ ಅದೂ ಉಪಯೋಗಕ್ಕೆ ಬಾರದು. ಬೆಂಗಳೂರಿನಲ್ಲಿ ಇಳಿದು ಎಕ್ಸ್‌ರೇ ಪರದೆಯ ಮುಂದೆ ನಿಂತಾಗ, ಅದು ಖಾಲಿ ಎಂದು ವಿವರಿಸುತ್ತ ಕೂರುವುದಕ್ಕಿಂತ ಗುರಿಕಟ್ಟೆಯ ಬಕೆಟ್ಟಿಗೇ ಅದನ್ನು ಹಾಕಿ ಬನ್ನಿ. ದೊಡ್ಡ ಕೇಪೋ ಸಣ್ಣ ಕೇಪೋ ನೋಡಿ ಆಯ್ದುಕೊಳ್ಳುವವರು ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ.